ಒಂದೇ ನಂಬರಿನ ಎರಡು ಹೆಲ್ಮೆಟ್

ಹೆಲ್ಮೆಟ್ಟು ಕಂಬಳಿಯ ಕೆಳಗಿತ್ತು.

ಡೆಪ್ಯುಟಿ ಶೆರಿಫ್ ಮಾರ್ಲಿಸ್ ಹೌಗನ್ ಅದನ್ನು ಕೂಡಲೇ ಮುಟ್ಟಲಿಲ್ಲ. ಡಿಕ್ಕಿಯ ಬಾಗಿಲನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಸುಮ್ಮನೆ ನೋಡಿದಳು. ಬಿಳಿ ಹೆಲ್ಮೆಟ್ಟು, ಅಲ್ಲಲ್ಲಿ ಗೀರು, ಹಿಂಬದಿಯಲ್ಲಿ ನೀಲಿ ಬಣ್ಣದ ನಲವತ್ತನಾಲ್ಕು.

ಅಷ್ಟರಲ್ಲಿ ಅವಳ ಬೆನ್ನ ಹಿಂದಿನ ಮೈದಾನದಿಂದ ಧ್ವನಿವರ್ಧಕ ಕೂಗಿತು. "ಚೆಂಡು ಹಿಡಿದು ಓಡಿದವನನ್ನ ಕೆಡವಿದ್ದು ನಮ್ಮ ನಂಬರ್ ನಲವತ್ತನಾಲ್ಕು, ಟ್ರೆಂಟ್ ಕಾಡ್ಲೆಕ್."

ಹನ್ನೆರಡು ಸಾವಿರ ಜನ ಒಟ್ಟಿಗೆ ಹೋ ಎಂದರು.

ಮಾರ್ಲಿಸ್ ಡಿಸೆಂಬರಿನ ಚಳಿಯಲ್ಲಿ ಮೈದಾನದ ಕಡೆ ತಿರುಗಿದಳು. ನಲವತ್ತನಾಲ್ಕರ ಹೆಲ್ಮೆಟ್ಟು ಇಲ್ಲಿದೆ. ನಲವತ್ತನಾಲ್ಕು ಅಲ್ಲಿ ಆಡುತ್ತಿದ್ದಾನೆ.

ಕಾರು ಕಾನಿ ವ್ರಾನಾಳದು. ಕೋಟೋ ಸ್ಟೇಟ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಹತ್ತೊಂಬತ್ತು ವರ್ಷ ಫಿಸಿಯೋ ಆಗಿದ್ದವಳು. ಗುರುವಾರ ಬೆಳಿಗ್ಗೆ ಏಳೂ ಹತ್ತಕ್ಕೆ, ಆಟಗಾರರು ಕಾಲು ನೆನೆಸುವ ಮಂಜುನೀರಿನ ತೊಟ್ಟಿಯಲ್ಲಿ ಮುಖ ಅಡಿಯಾಗಿ ಸಿಕ್ಕಿದ್ದಳು. ಕಾಲು ಜಾರಿತೆಂದು ಊರು ಒಪ್ಪಿಕೊಂಡಿತ್ತು. ಶುಕ್ರವಾರ ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು ಮಾತ್ರ ಒಪ್ಪಲಿಲ್ಲ. ಕುತ್ತಿಗೆಯ ಹಿಂಭಾಗದಲ್ಲಿ ಬೆರಳಿನ ಗುರುತುಗಳಿದ್ದವು.

ಕಾನಿಯ ಕೀಲಿಗೊಂಚಲು ಮಾತ್ರ ಎಲ್ಲಿಯೂ ಸಿಕ್ಕಿರಲಿಲ್ಲ. ಅವಳ ಅಕ್ಕನ ಮನೆಯಲ್ಲಿದ್ದ ಬಿಡಿ ಕೀಲಿ ಮಾರ್ಲಿಸ್‌ಳ ಕೈಗೆ ಬಂದದ್ದು ಈಗ ಅರ್ಧ ಗಂಟೆಯ ಹಿಂದೆ.

ಅವಳು ಗ್ಲೌಸು ಹಾಕಿಕೊಂಡು ಹೆಲ್ಮೆಟ್ಟನ್ನು ಎತ್ತಿದಳು. ಅದು ಅಲ್ಲಿಗೆ ಯಾಕೆ ಬಂತೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮಾರ್ಲಿಸ್‌ಳ ತಮ್ಮನ ಹೆಲ್ಮೆಟ್ಟನ್ನೂ ಕಾನಿ ಒಮ್ಮೆ ಹೀಗೆಯೇ ಕಿತ್ತುಕೊಂಡಿದ್ದಳು. ತಲೆಗೆ ಒಳಪೆಟ್ಟು ಬಿದ್ದ ಹುಡುಗನಿಗೆ ಕೂತುಕೋ ಎಂದರೆ ಕೂರುವುದಿಲ್ಲ. ಅಣ್ಣಾ, ಅಕ್ಕಾ, ನಾನು ಸರಿಯಾಗಿದ್ದೀನಿ ಎಂದು ಗೋಗರೆಯುತ್ತಾನೆ, ಕಣ್ಣು ತಪ್ಪಿಸಿ ಮೈದಾನಕ್ಕೆ ಓಡುತ್ತಾನೆ. ಅದಕ್ಕೇ ಫಿಸಿಯೋಗಳು ಮಾತಾಡಲು ಹೋಗದೆ ಹೆಲ್ಮೆಟ್ಟನ್ನೇ ಎತ್ತಿಕೊಂಡು ಬಿಡುತ್ತಾರೆ. ಹೆಲ್ಮೆಟ್ಟಿಲ್ಲದೆ ಯಾವ ರೆಫರಿಯೂ ಒಳಗೆ ಬಿಡುವುದಿಲ್ಲ. ಕಾನಿ ಅದನ್ನು ಕಂಕುಳಲ್ಲಿ ಇರುಕಿಕೊಂಡು ಇಡೀ ಆಟ ನಿಲ್ಲುತ್ತಿದ್ದಳು, ಮನೆಗೂ ಒಯ್ಯುತ್ತಿದ್ದಳು.

ಅಂದರೆ ಟ್ರೆಂಟ್ ಇವತ್ತು ಆಡಬಾರದಿತ್ತು.

ಒಂದು ಒಳಪೆಟ್ಟು ಮಾಯುವ ಮೊದಲೇ ಇನ್ನೊಂದು ಬಿದ್ದರೆ ಮಿದುಳು ಊದಿಕೊಳ್ಳುತ್ತದೆ. ಹುಡುಗ ನಿಂತಲ್ಲೇ ಕುಸಿಯುತ್ತಾನೆ. ಇಪ್ಪತ್ತೊಂದು ವರ್ಷದವನೊಬ್ಬ ಮುಂದಿನ ಗಂಟೆಯಲ್ಲಿ ಸಾಯಬಹುದು, ಅದೂ ಇಷ್ಟು ಜನರ ಚಪ್ಪಾಳೆಯ ನಡುವೆ.

ಅವಳು ಶೆರಿಫ್‌ಗೆ ಫೋನು ಮಾಡಿದಳು. ಎರಡನೇ ಕ್ವಾರ್ಟರಿನಲ್ಲಿ ಇನ್ನೂ ಆರು ನಿಮಿಷ ಬಾಕಿಯಿತ್ತು.

"ಆಟ ನಿಲ್ಲಿಸ್ಬೇಕು."

"ಏನಂದೆ?"

"ಟ್ರೆಂಟ್ ಕಾಡ್ಲೆಕ್‌ನ ಹೊರಗೆ ಕರೀಬೇಕು. ಅವನ ಹೆಲ್ಮೆಟ್ಟು ಕಾನಿ ಡಿಕ್ಕೀಲಿದೆ."

ಆ ಕಡೆ ಸಾಸೇಜು ಅಗಿಯುವ ಸದ್ದು ನಿಂತಿತು. "ಮಾರ್ಲಿಸ್, ಹಾರ್ಲನ್ ವ್ಯಾಲಿ ಜೊತೆ ಪ್ಲೇಆಫ್ ಇದು. ಅಕ್ಟೋಬರಿನಲ್ಲಿ ಒಂದೇ ಒಂದು ಪಾಯಿಂಟಿನಲ್ಲಿ ಸೋತು ಬಂದಿದ್ದೀವಿ. ಇವತ್ತು ಸೋತರೆ ಸೀಸನ್ನೇ ಮುಗೀತು. ಒಂದು ಹಳೇ ಹೆಲ್ಮೆಟ್ಟು ಹಿಡ್ಕೊಂಡು ನೀನು ಒಳಗೆ ಹೋದರೆ ಮುಂದಿನ ಶೆರಿಫ್ ಚುನಾವಣೇಲಿ ನನಗೆ ನಾಯಿ ಕೂಡ ಓಟು ಹಾಕಲ್ಲ."

"ಹುಡುಗ ಸತ್ತರೆ ಹಾಕ್ತಾರಾ?"

"ಹಾಫ್ ಟೈಮಿನಲ್ಲಿ ಕೋಚ್ ಹತ್ರ ಮಾತಾಡು. ಅಲ್ಲೀವರೆಗೆ ಮೈದಾನಕ್ಕೆ ಕಾಲಿಡ್ಬೇಡ. ಇಟ್ಟರೆ ಸೋಮವಾರ ನಿನ್ನ ಬ್ಯಾಡ್ಜು ನನ್ನ ಮೇಜಿನ ಮೇಲೆ ಇರತ್ತೆ."

ಅವಳು ಕಾಲಿಡಲಿಲ್ಲ. ಆಮೇಲೆ ಎಷ್ಟೋ ದಿನ ಅವಳನ್ನು ಕಾಡಿದ್ದು ಇದೇ.

---

ಪ್ರೇಕ್ಷಕರ ಮೆಟ್ಟಿಲುಗಳ ಅಡಿಯಲ್ಲಿ ತಂಡದ ಸಾಮಾನು ಕೋಣೆ. ಬೆವರು, ರಬ್ಬರು, ಒಣಗುತ್ತಿರುವ ಉಣ್ಣೆಯ ವಾಸನೆ. ಮರ್ಲ್ ಸೆಡ್ಲಾಚೆಕ್ ಮೂವತ್ತೊಂದು ವರ್ಷದಿಂದ ಅಲ್ಲೇ ಇದ್ದ. ಹೆಲ್ಮೆಟ್ಟುಗಳಿಗೆ ಸ್ಕ್ರೂ ಹಾಕುವುದು, ಅಂಗಿ ಒಗೆಯುವುದು, ಹರಿದ ಗದ್ದಪಟ್ಟಿ ಹೊಲಿಯುವುದು, ಎಲ್ಲವೂ ಅವನದೇ. ರೇಡಿಯೋದಲ್ಲಿ ಆಟದ ವಿವರಣೆ ಬರುತ್ತಿತ್ತು. ನೆತ್ತಿಯ ಮೇಲೆ ಅದೇ ಆಟ ನೋಡುತ್ತಿದ್ದವರ ಕಾಲ ಸದ್ದು.

ಮಾರ್ಲಿಸ್ ಹೆಲ್ಮೆಟ್ಟನ್ನು ಅವನ ಮುಂದಿನ ಹಲಗೆಯ ಮೇಲಿಟ್ಟಳು.

ಮರ್ಲ್ ಕನ್ನಡಕ ತೆಗೆದು ಒರೆಸಿದ. ಮತ್ತೆ ಹಾಕಿಕೊಂಡ.

"ಇದು ಒಡೆದು ಹೋಗಿದೆ ಅಂದಿದ್ರು," ಎಂದ.

"ಯಾರು?"

"ಕೋಚ್. ಗುರುವಾರ ಬೆಳಿಗ್ಗೆ ಫೋನು ಮಾಡಿದ್ರು. ನಲವತ್ತನಾಲ್ಕರದು ಬಿರುಕು ಬಿಟ್ಟಿದೆ, ಹೊಸದು ರೆಡಿ ಮಾಡು ಅಂದ್ರು."

"ಒಡೆದದ್ದನ್ನ ನೀವು ನೋಡಿದ್ರಾ?"

"ನೋಡಿಲ್ಲ."

"ಮೂವತ್ತೊಂದು ವರ್ಷದಲ್ಲಿ, ಒಡೆದದ್ದು ವಾಪಸ್ ತರ್ದೇ ಹೊಸದು ಕೊಟ್ಟಿದ್ದು ಎಷ್ಟು ಸಲ ಮರ್ಲ್?"

ಅವನು ರೇಡಿಯೋದ ಸದ್ದು ತಗ್ಗಿಸಿದ.

"ಫೋನು ಬಂದದ್ದು ಎಷ್ಟು ಹೊತ್ತಿಗೆ?"

"ಆರು. ಆರೂ ಕಾಲು ಇರಬಹುದು. ಹೆಂಡತಿ ಇನ್ನೂ ಕಾಫಿ ಇಟ್ಟಿರಲಿಲ್ಲ."

ಮಾರ್ಲಿಸ್ ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು. ಕಾನಿ ಸತ್ತ ಸುದ್ದಿ ಹೊರಬಿದ್ದದ್ದು ಏಳೂ ಹತ್ತಕ್ಕೆ. ಹೆಲ್ಮೆಟ್ಟು ಇನ್ನು ಸಿಗುವುದಿಲ್ಲವೆಂದು ಕೋಚ್‌ಗೆ ಅದಕ್ಕೂ ಒಂದು ಗಂಟೆ ಮೊದಲೇ ತಿಳಿದಿತ್ತು.

"ತೆನೆಗಳನ್ನ ನೀವೇ ಅಂಟಿಸಿದ್ರಾ, ಹೊಸದಕ್ಕೆ?"

"ಇನ್ಯಾರು ಅಂಟಿಸ್ತಾರೆ? ಲೆಕ್ಕ ತಪ್ಪದ ಹಾಗೆ, ಇಪ್ಪತ್ತೆರಡು ಬಿಳಿ, ಒಂದು ಚಿನ್ನದ್ದು. ಬರೀ ಹೆಲ್ಮೆಟ್ಟು ಹಾಕ್ಕೊಂಡು ಹೋದರೆ ಹುಡುಗರು ಆಡ್ಕೋತಾರೆ, ಹೊಸ ಮದುಮಗ ಬಂದ ಅಂತ."

ಒಳ್ಳೆಯ ಆಟಕ್ಕೊಂದು ಗೋಧಿ ತೆನೆ. ಉಗುರಿನಷ್ಟು ದೊಡ್ಡ ಸ್ಟಿಕರು, ಹೆಲ್ಮೆಟ್ಟಿನ ಪಕ್ಕಕ್ಕೆ. ಮಾರ್ಲಿಸ್ ಹಳೆಯದನ್ನು ಬೆಳಕಿಗೆ ತಿರುಗಿಸಿದಳು. ಬಿಳಿ ತೆನೆಗಳು ಗೀಚಿ ಸವೆದು ಹೋಗಿದ್ದವು. ಚಿನ್ನದ್ದೊಂದು ಮಾತ್ರ ಇನ್ನೂ ಮಿರಮಿರ ಮಿನುಗುತ್ತಿತ್ತು. ಒಂದು ಗೀರೂ ಇಲ್ಲ.

"ಚಿನ್ನದ್ದು ಯಾವಾಗ ಕೊಟ್ಟಿದ್ದು?"

"ಪ್ಲೇಆಫ್ ಗೆದ್ದರೆ ಮಾತ್ರ ಅದು. ಹೋದ ಶನಿವಾರ ಗೆದ್ವಲ್ಲ. ಬುಧವಾರದ ಊಟದಲ್ಲಿ ಕೋಚ್ ಕೈಯಾರೆ..." ಮರ್ಲ್ ಅರ್ಧಕ್ಕೇ ನಿಲ್ಲಿಸಿದ.

ಅವನಿಗೂ ಹೊಳೆದಿತ್ತು.

ಬುಧವಾರ ಸಂಜೆ ಆರಕ್ಕೆ ಚರ್ಚಿನ ನೆಲಮಾಳಿಗೆಯಲ್ಲಿ ತಂಡದ ಊಟ. ಊರಿನ ಹೆಂಗಸರು ಆಲೂಗೆಡ್ಡೆ, ಮಾಂಸ ಸೇರಿಸಿ ದೊಡ್ಡ ತಟ್ಟೆಗಳಲ್ಲಿ ಬೇಯಿಸಿ ತರುತ್ತಾರೆ. ಹುಡುಗರು ಹೆಲ್ಮೆಟ್ಟು ತೊಡೆಯ ಮೇಲಿಟ್ಟುಕೊಂಡು ಕೂರುತ್ತಾರೆ, ಕೋಚ್ ಸಾಲಾಗಿ ತೆನೆ ಅಂಟಿಸಿಕೊಂಡು ಹೋಗುತ್ತಾನೆ. ಅಭ್ಯಾಸ ಮುಗಿಯುವುದು ನಾಲ್ಕೂವರೆಗೆ.

ಟ್ರೆಂಟ್‌ಗೆ ಪೆಟ್ಟು ಅಭ್ಯಾಸದಲ್ಲಿ ಬಿದ್ದಿದ್ದರೆ, ಕಾನಿ ಆಗಲೇ ಹೆಲ್ಮೆಟ್ಟು ಕಿತ್ತುಕೊಳ್ಳುತ್ತಿದ್ದಳು. ಆರು ಗಂಟೆಯ ಊಟಕ್ಕೆ ಅದು ಬರುತ್ತಿರಲಿಲ್ಲ. ಅದಕ್ಕೆ ಚಿನ್ನದ ತೆನೆ ಬೀಳುತ್ತಿರಲಿಲ್ಲ.

ಅವನ ತಲೆಗೆ ಪೆಟ್ಟು ಬಿದ್ದದ್ದು ಊಟದ ನಂತರ. ಆಟದಿಂದ ಅಲ್ಲ.

"ಊಟ ಆದ್ಮೇಲೆ ಟ್ರೆಂಟ್‌ನ ಎಲ್ಲಾದ್ರೂ ನೋಡಿದ್ರಾ?"

"ಇಲ್ಲ." ಮರ್ಲ್ ಸ್ಕ್ರೂಡ್ರೈವರನ್ನು ಎತ್ತಿಕೊಂಡ. ತಿರುಗಿಸಲು ಕೈಯಲ್ಲಿ ಏನೂ ಇರಲಿಲ್ಲ. "ನಾನು ಪಾತ್ರೆ ಹೊರಲಿಕ್ಕೆ ಹಿಂದೆ ಇದ್ದೆ."

"ನಾನು ಟ್ರೆಂಟ್ ಬಗ್ಗೆ ಕೇಳಿದೆ. ನೀವು ಎಲ್ಲಿದ್ರಿ ಅಂತ ಕೇಳ್ಲಿಲ್ಲ."

ತಲೆಯ ಮೇಲೆ ಕಾಲ ಸದ್ದು ಒಮ್ಮೆಲೇ ಹೆಚ್ಚಾಯಿತು. ಬ್ಯಾಂಡು ಶುರುವಾಯಿತು. ಹಾಫ್ ಟೈಮು. ಹಾರ್ಲನ್ ವ್ಯಾಲಿ ಹದಿನಾಲ್ಕು, ಕೋಟೋ ಸ್ಟೇಟ್ ಹತ್ತು.

"ನಿಮಗೆ ನೆನಪಾದ್ರೆ," ಎಂದಳು ಮಾರ್ಲಿಸ್ ಹೆಲ್ಮೆಟ್ಟು ಎತ್ತಿಕೊಳ್ಳುತ್ತ, "ನಾನು ಕೋಚ್ ಕೋಣೇಲಿ ಇರ್ತೀನಿ."

---

ಡ್ವೇನ್ ಫಾಲ್ಕ್ ಬಿಳಿ ಹಲಗೆಯ ಮೇಲೆ ಬಾಣದ ಗುರುತು ಹಾಕುತ್ತಿದ್ದ. ಮಾರ್ಲಿಸ್ ಕೋಣೆಯ ಬಾಗಿಲು ಮುಚ್ಚಿಕೊಂಡಳು. ಇಬ್ಬರೂ ಒಂದೇ ಶಾಲೆಯವರು, ಒಂದೇ ವರ್ಷದವರು.

"ಹನ್ನೆರಡು ನಿಮಿಷ ಇದೆ ನನ್ನ ಹತ್ರ," ಎಂದ ಅವನು ತಿರುಗದೆ. "ಅದರಲ್ಲಿ ಒಂದು ನಿನಗೆ."

ಅವಳು ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟಳು. ಸದ್ದಿಗೆ ಅವನು ತಿರುಗಿದ.

ಮುಖದಲ್ಲಿ ಏನೂ ಬದಲಾಗಲಿಲ್ಲ. ಪೆನ್ನಿನ ಮುಚ್ಚಳವನ್ನು ಮಾತ್ರ ಎರಡು ಸಲ ಹಾಕಲು ಹೋಗಿ ಎರಡು ಸಲವೂ ತಪ್ಪಿದ.

"ಟ್ರೆಂಟ್ ಇನ್ನು ಆಡ್ಕೂಡ್ದು," ಎಂದಳು.

"ಅವನು ನಿನ್ನೆ ತಲೆಪೆಟ್ಟಿನ ಪರೀಕ್ಷೆ ಪಾಸಾಗಿದಾನೆ. ಕಂಪ್ಯೂಟರಿನಲ್ಲಿ ಕೂತು ಬರ್ದಿದಾನೆ. ಆಗಸ್ಟಿನಲ್ಲಿ, ಸೀಸನ್ ಶುರುವಿಗೆ ಮೊದಲು ತಗೊಂಡಷ್ಟೇ ಅಂಕ ಬಂದಿದೆ."

"ಆಗಸ್ಟಿನಲ್ಲಿ ಹುಡುಗರು ಬೇಕು ಬೇಕಂತಲೇ ತಪ್ಪು ಬರೀತಾರೆ. ಮುಂದೆ ಪೆಟ್ಟು ಬಿದ್ದಾಗ ಅಷ್ಟೇ ಅಂಕ ಬರ್ಲಿ ಅಂತ. ನಾನೂ ಈ ಊರಲ್ಲೇ ಬೆಳೆದವಳು ಡ್ವೇನ್."

"ಸರಿ. ಒಂದು ಸಣ್ಣ ಪೆಟ್ಟು ಬಿತ್ತು. ಬುಧವಾರ ಅಭ್ಯಾಸದಲ್ಲಿ. ನಮ್ಮವನಿಗೇ ಡಿಕ್ಕಿ ಹೊಡೆದ. ನಾನೇ ನೋಡಿದೆ. ಕಾನಿ ಯಾವಾಗ್ಲೂ ಹೆದರ್ಕೋತಿದ್ಲು, ಹೆಲ್ಮೆಟ್ಟು ಕಿತ್ಕೊಂಡ್ಲು."

"ಅಭ್ಯಾಸದಲ್ಲೇ ಕಿತ್ಕೊಂಡ್ಲಾ?"

"ಅಲ್ಲೇ. ನನ್ನ ಕಣ್ಣೆದುರಿಗೆ."

ಮಾರ್ಲಿಸ್ ಹೆಲ್ಮೆಟ್ಟನ್ನು ನಿಧಾನವಾಗಿ ಅರ್ಧ ಸುತ್ತು ತಿರುಗಿಸಿದಳು. ಚಿನ್ನದ ತೆನೆ ಅವನ ಕಡೆ ಬಂದು ನಿಂತಿತು.

"ಹಾಗಿದ್ರೆ ಇದನ್ನ ನೀನು ಎಲ್ಲಿ ಅಂಟಿಸಿದೆ? ಅವಳ ಡಿಕ್ಕಿ ಒಳಗೆ ತೂರ್ಕೊಂಡಾ?"

ಫಾಲ್ಕ್ ಕೂತ. ಹೊರಗೆ ಬ್ಯಾಂಡಿನವರ ತಮಟೆ ಗೋಡೆಯನ್ನು ನಡುಗಿಸುತ್ತಿತ್ತು.

"ಆರು ಗಂಟೆಗೆ ಊಟಕ್ಕೆ ಬಂದಾಗ ಹುಡುಗ ಚೆನ್ನಾಗಿದ್ದ," ಎಂದಳು. "ಎಂಟೂ ನಲವತ್ತಕ್ಕೆ ಕಾನಿ ತನ್ನ ಅಕ್ಕನಿಗೆ ಫೋನು ಮಾಡಿ, ಬೆಳಿಗ್ಗೆ ಒಂದು ದೂರು ಕೊಡೋದಿದೆ, ನನಗೆ ಭಯ ಆಗ್ತಿದೆ ಅಂದ್ಲು. ಮಧ್ಯೆ ಎರಡು ಗಂಟೆ ನಲವತ್ತು ನಿಮಿಷ. ಅಷ್ಟರಲ್ಲಿ ಯಾರೋ ಆ ಹುಡುಗನ ತಲೆಗೆ ಹೊಡೆದ್ರು. ಕಾನಿ ಅದನ್ನ ಕಂಡುಹಿಡಿದ್ಲು. ಬೆಳಗಾಗೋದ್ರೊಳಗೆ ಅವಳೇ ಇಲ್ಲ. ಆರೂ ಕಾಲಿಗೆ ನೀನು ಹೊಸ ಹೆಲ್ಮೆಟ್ಟು ಕೇಳ್ತೀಯ."

"ನಾನು ಕಾನಿನ ಮುಟ್ಟಿಲ್ಲ."

"ಹುಡುಗನ್ನ?"

"ಮಾರ್ಲಿಸ್." ಅವನ ಧ್ವನಿ ಇಳಿಯಿತು. "ನೀನು ಹೇಳಿದ ಹಾಗೆಲ್ಲ ಇಲ್ಲ ಇದು. ಆಟ ಮುಗೀಲಿ. ನಾನೇ ನಿನ್ನ ಕಚೇರಿಗೆ ಬರ್ತೀನಿ, ನಾನೇ..."

ಬಾಗಿಲು ತಾನಾಗಿ ತೆರೆದಂತೆ ತೆರೆಯಿತು. ಟ್ರೆಂಟ್ ನಿಂತಿದ್ದ. ಹೊಸ ಹೆಲ್ಮೆಟ್ಟು ಕೈಯಲ್ಲಿ ನೇತಾಡುತ್ತಿತ್ತು. ಅಗಲ ಭುಜ, ಎಳೆ ಮುಖ. ಕೋಣೆಯ ದೀಪಕ್ಕೆ ಕಣ್ಣು ಕಿರಿದು ಮಾಡಿ, ಬಾಗಿಲ ಚೌಕಟ್ಟಿಗೆ ಭುಜ ಒರಗಿಸಿದ್ದ. ಅಂಗಿಯ ಎದೆಯ ಮೇಲೆ ವಾಂತಿಯ ಕಲೆ.

"ಕೋಚ್," ಎಂದ. ನಾಲಿಗೆ ದಪ್ಪವಾಗಿತ್ತು. "ಕಾನಿ ಎಲ್ಲಿ? ಎಲ್ಲ ಕಡೆ ಹುಡುಕ್ದೆ. ತಲೆ ತುಂಬಾ ನೋಯ್ತಿದೆ ಅಂತ ಹೇಳ್ಬೇಕಿತ್ತು ಅವಳಿಗೆ."

ಗುರುವಾರ ಸಂಜೆ ಕಾನಿಗಾಗಿ ಮೇಣದ ಬತ್ತಿ ಹಿಡಿದು ಸಾಲಿನ ಮೊದಲಲ್ಲಿ ನಿಂತವನು ಇದೇ ಹುಡುಗ.

ಮಾರ್ಲಿಸ್ ಅವನ ಗದ್ದ ಹಿಡಿದು ಮುಖ ಎತ್ತಿದಳು. ಒಂದು ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಿತ್ತು. ಇನ್ನೊಂದು ಬಟಾಣಿಯಷ್ಟು ಹಿಗ್ಗಿತ್ತು.

"ಟ್ರೆಂಟ್, ನನ್ನ ನೋಡು. ಬುಧವಾರ ಯಾರು ಹೊಡೆದ್ರು ನಿನಗೆ?"

"ಬುಧವಾರನಾ," ಎಂದ ಅವನು ವಿನಯದಿಂದ, ತರಗತಿಯಲ್ಲಿ ಉತ್ತರ ಗೊತ್ತಿಲ್ಲದವನ ಹಾಗೆ. "ಇವತ್ತು ಯಾವ ವಾರ ಮೇಡಂ?"

ಅವನ ಮೊಣಕಾಲು ಮಡಚಿತು. ಅವಳು ಹಿಡಿದುಕೊಂಡಳು, ಭಾರಕ್ಕೆ ತಾನೂ ಕುಸಿದಳು. ತಲೆ ಸಿಮೆಂಟಿಗೆ ಬಡಿಯದಂತೆ ಅವಳ ಎರಡೂ ಅಂಗೈ ಅಡಿಗೆ ಸಿಕ್ಕಿಕೊಂಡವು.

"ಆಂಬುಲೆನ್ಸ್ ಕರಿ," ಎಂದಳು ಫಾಲ್ಕ್‌ಗೆ. ಅವನು ಆಗಲೇ ಓಡಿದ್ದ.

---

ಮೈದಾನದ ಮೂಲೆಯಲ್ಲಿ ನಿಂತಿದ್ದ ಆಂಬುಲೆನ್ಸಿನವರು ಮೂರು ನಿಮಿಷದಲ್ಲಿ ಬಂದರು. ಹೆಂಗಸೊಬ್ಬಳು ಮಂಡಿಯೂರಿ ಹುಡುಗನ ಕಣ್ಣಿಗೆ ಬೆಳಕು ಬಿಟ್ಟು ನೋಡಿದಳು. ಅವಳ ತುಟಿ ಬಿಗಿಯಿತು.

"ಪೆಟ್ಟು ಯಾವಾಗ ಬಿದ್ದಿದ್ದು?"

"ಎರಡನೇ ಕ್ವಾರ್ಟರು," ಎಂದ ಫಾಲ್ಕ್ ತಡವಿಲ್ಲದೆ. "ಕೊನೇ ಟ್ಯಾಕಲ್. ಎಲ್ಲರೂ ನೋಡಿದ್ದಾರೆ. ಟಿವಿಯಲ್ಲೂ ಇದೆ."

ಮಾರ್ಲಿಸ್ ತಲೆಯೆತ್ತಿದಳು.

ಟಿವಿಯಲ್ಲೂ ಇದೆ. ಆ ಮಾತು ಅವಳೊಳಗೆ ಇಳಿದು ತಣ್ಣಗೆ ಕೂತಿತು. ಇವತ್ತು ಹುಡುಗ ಮೂವತ್ತು ಸಲ ಡಿಕ್ಕಿ ಹೊಡೆದಿದ್ದಾನೆ. ನಾಳೆ ಯಾವ ವೈದ್ಯನೂ ಅವನ ತಲೆಯನ್ನು ನೋಡಿ ಇದು ಬುಧವಾರದ್ದು, ಇದು ಶನಿವಾರದ್ದು ಎಂದು ಬೇರ್ಪಡಿಸಿ ಹೇಳಲಾರ. ಟ್ರೆಂಟ್‌ನನ್ನು ಆಡಿಸಿದ್ದು ಗೆಲ್ಲುವುದಕ್ಕಲ್ಲ. ಒಂದು ಪೆಟ್ಟನ್ನು ಮೂವತ್ತು ಪೆಟ್ಟುಗಳ ಅಡಿಯಲ್ಲಿ ಹೂತು ಹಾಕುವುದಕ್ಕೆ.

"ಬುಧವಾರ," ಎಂದಳು ಅವಳು ಗಟ್ಟಿಯಾಗಿ. "ಮೊದಲ ಪೆಟ್ಟು ಬುಧವಾರ ಸಂಜೆ ಆರರ ಮೇಲೆ. ಇವತ್ತಿನದು ಅದರ ಮೇಲೆ. ಡಾಕ್ಟರಿಗೆ ಹಾಗೇ ಹೇಳಿ. ಬರ್ಕೊಳ್ಳಿ."

ಆ ಹೆಂಗಸು ಇಬ್ಬರನ್ನೂ ನೋಡಿ, ತನ್ನ ಕೈಗವಸಿನ ಮೇಲೆಯೇ ಬರೆದುಕೊಂಡಳು.

ಸ್ಟ್ರೆಚರು ಮೆಟ್ಟಿಲುಗಳ ಅಡಿಯ ಸುರಂಗದಾರಿಯಿಂದ ಹೊರಬರುವಾಗ ಮಾರ್ಲಿಸ್ ಪಕ್ಕದಲ್ಲೇ ಓಡುತ್ತಿದ್ದಳು. ದೊಡ್ಡಾಸ್ಪತ್ರೆಗೆ ನಲವತ್ತು ಮೈಲಿ. ದಾರಿಯಲ್ಲಿ ಹುಡುಗ ಒಂದು ಹೆಸರು ತೊದಲಿದರೂ ಸಾಕು. ಅವಳು ಆಂಬುಲೆನ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದಳು.

"ಟ್ರೆಂಟ್."

ಎತ್ತರದ ಗಂಡಸೊಬ್ಬ ಜನರನ್ನು ಸರಿಸಿಕೊಂಡು ಬಂದ. ರೋಲಂಡ್ ಕಾಡ್ಲೆಕ್, ಹುಡುಗನ ತಂದೆ. ಮೂವತ್ತು ವರ್ಷದ ಹಿಂದೆ ಇದೇ ಮೈದಾನದಲ್ಲಿ ಇದೇ ನಂಬರಿನ ಅಂಗಿ ತೊಟ್ಟು ಆಡಿದವನು. ಟೋಪಿ ಎಲ್ಲೋ ಬಿದ್ದು ಹೋಗಿತ್ತು. ಮಗನ ಪಾದ ಹಿಡಿದುಕೊಂಡು ನಿಂತ. ಕೆನ್ನೆಯ ಮೇಲೆ ಕಣ್ಣೀರು ಆಗಲೇ ಮಂಜುಗಟ್ಟತೊಡಗಿತ್ತು.

"ಒಬ್ಬರಿಗೇ ಜಾಗ," ಎಂದಳು ಆಂಬುಲೆನ್ಸಿನ ಹೆಂಗಸು.

"ನನ್ನ ಮಗ ಅವನು," ಎಂದ ರೋಲಂಡ್, ಮಾರ್ಲಿಸ್‌ಳನ್ನು ನೋಡಿ. ಅಷ್ಟೇ ಎಂದ.

ಅವಳು ಕಾಲು ಹಿಂದಕ್ಕೆ ತೆಗೆದಳು. ಅವನ ಮೊಣಕೈ ಹಿಡಿದು ಹತ್ತಿಸಿದಳು. "ಹೋಗಿ. ಕೈ ಹಿಡ್ಕೊಂಡಿರಿ. ನಾನು ಹಿಂದೇನೇ ಬರ್ತೀನಿ."

ಬಾಗಿಲು ಮುಚ್ಚಿತು. ಸೈರನ್ನು ಪಾರ್ಕಿಂಗು ದಾಟಿ ಹೆದ್ದಾರಿಯ ಕಡೆ ತಿರುಗಿತು. ಮೈದಾನದಲ್ಲಿ ಮೂರನೇ ಕ್ವಾರ್ಟರಿಗೆ ಚೆಂಡು ಒದೆದ ಸದ್ದು, ಅದರ ಹಿಂದೆಯೇ ಜನರ ಕೂಗು.

ಅವಳು ಫಾಲ್ಕ್‌ನ ಕಡೆ ತಿರುಗಿದಳು. ಅವನು ಆಟಕ್ಕೆ ಹೋಗಿರಲಿಲ್ಲ. ಸುರಂಗದ ಬಾಯಲ್ಲಿ, ಆಂಬುಲೆನ್ಸು ಹೋದ ದಿಕ್ಕನ್ನೇ ನೋಡುತ್ತ ನಿಂತಿದ್ದ. ಮುಖ ಬೂದಿಯಾಗಿತ್ತು.

"ಕೈ ಮುಂದೆ ಹಿಡಿ," ಎಂದು ಅವಳು ಸೊಂಟದಿಂದ ಬೇಡಿ ತೆಗೆದಳು.

"ಇವನಲ್ಲ ಮಾರ್ಲಿಸ್."

ಮರ್ಲ್ ಹಿಂದೆ ನಿಂತಿದ್ದ. ಅಂಗಿಯ ಮೇಲೊಂದು ಕೋಟೂ ಇಲ್ಲದೆ ಹಿಮದಲ್ಲಿ ಓಡಿ ಬಂದಿದ್ದ; ಉಸಿರು ತುಂಡು ತುಂಡಾಗಿ ಬರುತ್ತಿತ್ತು.

"ನಾನು ಸುಳ್ಳು ಹೇಳ್ದೆ. ಬುಧವಾರ ಪಾತ್ರೆ ಹೊತ್ಕೊಂಡು ಚರ್ಚ್ ಹಿಂದೆ ಹೋದಾಗ ನೋಡ್ದೆ. ಹುಡುಗ ಅಂದ, ನನಗೆ ಈ ಆಟ ಸಾಕು, ಶನಿವಾರ ಆದ್ಮೇಲೆ ಬಿಡ್ತೀನಿ ಅಂದ. ಲಾರಿ ಬಾಗಿಲಿಗೆ ತಲೆ ಹಿಡಿದು ಚಚ್ಚಿದ್ರು. ಒಂದಲ್ಲ, ಮೂರು ಸಲ."

"ಮರ್ಲ್," ಎಂದ ಫಾಲ್ಕ್ ಕಣ್ಣು ಮುಚ್ಚಿಕೊಂಡು. "ಬೇಡ. ಕಾನಿನ ಮುಗಿಸಿ ನನಗೆ ಫೋನು ಮಾಡಿದ ಮನುಷ್ಯ ನಿನ್ನನ್ನೂ ಬಿಡಲ್ಲ."

"ಯಾರು?" ಎಂದಳು ಮಾರ್ಲಿಸ್.

ಮುದುಕ ಹೆದ್ದಾರಿಯ ಕಡೆ ಕೈ ತೋರಿಸಿದ. ಕೆಂಪು ದೀಪ ಗೋಧಿ ಗೋದಾಮುಗಳ ಹಿಂದೆ ಆಗಷ್ಟೇ ಮರೆಯಾಗುತ್ತಿತ್ತು.

"ನೀನೇ ಕೈ ಹಿಡಿದು ಹತ್ತಿಸಿದ್ಯಲ್ಲ."